ಮೀನು ತೊಟ್ಟ ಕವಚ

ಕರ್ಣನ ಕಥೆಯನ್ನು ಬಲ್ಲವರೆಲ್ಲರೂ ಅವನ ಕವಚವನ್ನು ಬಲ್ಲರು. ಹುಟ್ಟುವಾಗಲೇ ಮೈಗೆ ಹತ್ತಿ ಬಂದ ಆ ಕವಚವನ್ನು ಅವನು ತನ್ನ ಕೈಯಾರೆ ಸುಲಿದು ಇಂದ್ರನಿಗೆ ದಾನವಿತ್ತುದನ್ನು ಕೇಳಿ ಮರುಗದ ಕನ್ನಡಿಗರಿಲ್ಲ. ಆದರೆ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಏಳುವುದುಂಟು. ಕವಚವೇ ಮೈಗಂಟಿಕೊಂಡಿದ್ದರೆ ಆತ ಬಿಲ್ಲನ್ನು ಎಳೆಯುತ್ತಿದ್ದುದು ಹೇಗೆ? ಬಾಗಿ ಏಳುತ್ತಿದ್ದುದು ಹೇಗೆ? ಕೂಸು ಬೆಳೆದು ಯುವಕನಾದಾಗ ಕವಚವೂ ಬೆಳೆಯಿತೆ? ಕಾವ್ಯವು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿಲ್ಲ. ರಸಜ್ಞರು ಕೇಳುವುದೂ ಇಲ್ಲ. ಪ್ರಕೃತಿಗೆ ಮಾತ್ರ ಆ ವಿನಾಯಿತಿ ಇಲ್ಲ. ಜೀವಿಗೆ ಕವಚ ತೊಡಿಸಲು ಹೊರಟಾಗ ಅದು ಈ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಲೇಬೇಕಾಯಿತು. ಆ ಉತ್ತರವು ನಮ್ಮ ತುಂಗಭದ್ರೆಯಲ್ಲಿ ಇಂದಿಗೂ ಈಜಾಡುತ್ತಿದೆ. ಮೀನುಪೇಟೆಯ ಕಲ್ಲುಹಾಸಿನ ಮೇಲೆ ಕಸವಾಗಿಯೂ ಬಿದ್ದಿದೆ. ಅದೇ ಮೀನಿನ ಹುರುಪೆ. ಶಾಲೆಯ ಪುಸ್ತಕಗಳು ಅದನ್ನು ಶಲ್ಕವೆಂದು ಕರೆಯುತ್ತವೆ.

ಮೀನೆಂದೊಡನೆ ಮೂಗು ಮುಚ್ಚಿಕೊಂಡು ಪುಟ ತಿರುವುವ ವಾಚಕರೂ ಉಂಟು. ಅವರಲ್ಲಿ ಒಂದು ಬಿನ್ನಹ. ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಮೇಲೆ ಕುಳಿತು ನೀವೂ ಮೀನುಗಳಿಗೆ ಮಂಡಕ್ಕಿ ಎರಚಿದವರೇ ಅಲ್ಲವೆ? ಆ ಮೀನುಗಳು ಮೈ ಹೊರಳಿಸಿದಾಗ ಬೆಳ್ಳಿಯ ನಾಣ್ಯಗಳನ್ನು ಸಾಲಾಗಿ ಜೋಡಿಸಿದಂತೆ ಮಿನುಗುವುದು ಈ ಹುರುಪೆಯೇ. ಅದೇ ತುಂಗೆಯು ಭದ್ರೆಯನ್ನು ಕೂಡಿಕೊಂಡು ಬಯಲಿಗಿಳಿದು, ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ 1953ರಲ್ಲಿ ನಿಂತ ಅಣೆಕಟ್ಟಿನ ಹಿಂದೆ ಸುಮಾರು 378 ಚದರ ಕಿಲೋಮೀಟರುಗಳ ಜಲಾಶಯವಾಗಿ ಹರಡಿದೆ. ಅದರ ಎಡದಂಡೆಯ ಕಾಲುವೆ ಗಂಗಾವತಿಯ ಬಯಲನ್ನು ಭತ್ತದ ಕಣಜವನ್ನಾಗಿಸಿದೆ. ಕುಷ್ಟಗಿ, ಯಲಬುರ್ಗಾಗಳದು ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ನೆಲ. ಅಲ್ಲಿಯವರಿಗೆ ಕೆರೆಯೇ ಹೊಳೆ. ಹೊಳೆಯಾಗಲಿ ಕೆರೆಯಾಗಲಿ, ಅಲ್ಲಿ ಬಲೆಗೆ ಬೀಳುವ ರೋಹು, ಕಾಟ್ಲಾ, ಮೃಗಾಲ್, ಗೆಂಡೆಗಳೆಲ್ಲ ಕವಚಧಾರಿಗಳೇ. ತುಂಗಭದ್ರೆಯ ಹಳೆಯ ನಿವಾಸಿಯಾದ ಮಹಸೀರ್ ಮೀನಿನ ಕವಚವಂತೂ ಎಲ್ಲಕ್ಕಿಂತ ಭವ್ಯ. ರೋಹುವಿನ ಪಕ್ಕೆಯ ಒಂದು ಸಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಹುರುಪೆಗಳಿದ್ದರೆ, ಮಹಸೀರಿನ ಸಾಲಿನಲ್ಲಿ ಇಪ್ಪತ್ತೈದರ ಆಸುಪಾಸು ಮಾತ್ರ. ಒಂದೊಂದೂ ಅಷ್ಟು ದೊಡ್ಡದು! ಆ ಹೆಸರಿನ ಮೂಲವನ್ನು ‘ಮಹಾಶಲ್ಕ’ ಎಂಬ ಸಂಸ್ಕೃತ ಶಬ್ದದಲ್ಲಿ ಕಾಣುವವರೂ ಇದ್ದಾರೆ.

ಕವಚವೆಂದರೆ ಮೊದಲು ನೆನಪಾಗುವ ಗುಣ ಗಡಸುತನ. ಆದರೆ ಗಡಸಾದುದೆಲ್ಲ ಗಟ್ಟಿಯಲ್ಲವೆಂಬುದು ಅಡುಗೆಮನೆಯಲ್ಲಿ ಪಿಂಗಾಣಿಯ ಬಟ್ಟಲನ್ನು ಒಮ್ಮೆ ಬೀಳಿಸಿದವರಿಗೆ ತಿಳಿದ ಸಂಗತಿ. ಪಿಂಗಾಣಿಯ ಮೇಲೆ ಚಾಕುವಿನ ಗೀರು ಮೂಡದು; ನೆಲಕ್ಕೆ ಬಿದ್ದರೆ ಮಾತ್ರ ಅದು ಹೋಳು ಹೋಳು. ಚರ್ಮದ ಚಪ್ಪಲಿಯನ್ನು ಎಷ್ಟು ಎತ್ತರದಿಂದ ಬೀಳಿಸಿದರೂ ಒಡೆಯದು. ಆದರೆ ಜಾಲಿಯ ಮುಳ್ಳಿಗೆ ಅದು ಸುಲಭವಾಗಿ ದಾರಿ ಬಿಡುತ್ತದೆ. ಒಂದಕ್ಕೆ ಗಡಸುತನವಿದೆ, ತಾಳಿಕೆಯಿಲ್ಲ. ಇನ್ನೊಂದಕ್ಕೆ ತಾಳಿಕೆಯಿದೆ, ಗಡಸುತನವಿಲ್ಲ. ಶತ್ರುವಿನ ಹಲ್ಲು ಮುಳ್ಳಿನಂತೆ ಚುಚ್ಚುವುದೂ ಹೌದು, ಕಲ್ಲಿನಂತೆ ಅಪ್ಪಳಿಸುವುದೂ ಹೌದು. ಆದುದರಿಂದ ಒಳ್ಳೆಯ ಕವಚಕ್ಕೆ ಈ ಎರಡು ಗುಣಗಳೂ ಬೇಕು. ಒಂದೇ ಪದಾರ್ಥದಲ್ಲಿ ಇವೆರಡೂ ಕೂಡಿರುವುದು ಅಪರೂಪ. ಮೀನು ಆ ತೊಡಕನ್ನು ಬಿಡಿಸಿದ್ದು ಎರಡು ಪದಾರ್ಥಗಳನ್ನು ಪದರಪದರವಾಗಿ ಕೂಡಿಸಿ.

ರೋಹುವಿನ ಒಂದು ಹುರುಪೆಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ದಪ್ಪ ನೋಡಿದರೆ ತೆಳು ರಟ್ಟಿನಷ್ಟೂ ಇಲ್ಲ; ಅಷ್ಟರಲ್ಲೇ ಎರಡು ಲೋಕಗಳಿವೆ. ಹೊರಗಿನ ಪದರದಲ್ಲಿ ಸುಣ್ಣದ ಅಂಶವುಳ್ಳ ಖನಿಜ ಒತ್ತಾಗಿ ಸೇರಿಕೊಂಡಿದೆ. ನಮ್ಮ ಹಲ್ಲು ಮತ್ತು ಎಲುಬುಗಳಲ್ಲಿರುವುದೂ ಇದೇ ಖನಿಜ. ಕ್ಯಾಲ್ಸಿಯಂ ಮತ್ತು ರಂಜಕಗಳು ಕೂಡಿ ಆದುದು. ಒಳಗಿನ ಪದರದಲ್ಲಿ ಖನಿಜ ಕಡಿಮೆ. ಅಲ್ಲಿ ಕೊಲ್ಲಾಜೆನ್ ಎಂಬ ಪ್ರೋಟೀನಿನ ಸೂಕ್ಷ್ಮವಾದ ಎಳೆಗಳದೇ ರಾಜ್ಯ. ನಮ್ಮ ಚರ್ಮಕ್ಕೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ನರಗಳಿಗೆ ಬಲ ಕೊಡುವುದು ಈ ಎಳೆಯೇ. ಈ ಎಳೆಗಳು ಹುಲ್ಲಿನ ಬಣವೆಯಂತೆ ಅಡ್ಡಾದಿಡ್ಡಿ ಬಿದ್ದಿಲ್ಲ. ಒಂದು ಹಾಳೆಯಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಸಾಲಾಗಿ ಮಲಗಿವೆ. ಅದರ ಕೆಳಗಿನ ಹಾಳೆಯಲ್ಲಿ ದಿಕ್ಕು ಬದಲಾಗಿದೆ. ಅದರ ಕೆಳಗೆ ಮತ್ತೆ ಬೇರೆ. ಬಡಗಿಗಳು ಬಳಸುವ ಪ್ಲೈವುಡ್ಡಿನ ಹಲಗೆಯನ್ನು ನೆನೆಯಿರಿ. ಮರವು ಎಳೆಯ ನೇರಕ್ಕೆ ಸುಲಭವಾಗಿ ಸೀಳುತ್ತದೆ. ಪದರಗಳ ಎಳೆಯನ್ನು ಅಡ್ಡಡ್ಡ ಇಟ್ಟು ಅಂಟಿಸಿದರೆ ಸೀಳಲು ದಾರಿ ಸಿಗುವುದಿಲ್ಲ. ಮನುಷ್ಯ ಕಾರ್ಖಾನೆಯಲ್ಲಿ ಕಂಡುಕೊಂಡ ಉಪಾಯವು ಮೀನಿನ ಮೈಯಲ್ಲಿ ಕೋಟ್ಯಂತರ ವರ್ಷಗಳಿಂದ ನಡೆದುಬಂದಿದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತೊಳೆದ ಒಂದು ಹುರುಪೆಯನ್ನು ನಿಂಬೆಯ ರಸದಲ್ಲಿ ಒಂದೆರಡು ದಿನ ನೆನೆಯಿಡಿ. ಹುಳಿಯು ಖನಿಜವನ್ನು ಕರಗಿಸುತ್ತದೆ. ಉಳಿಯುವುದು ಒದ್ದೆ ಕಾಗದದಂತೆ ಮೆತ್ತಗೆ ಬಾಗುವ ಎಳೆಯ ಹಾಳೆ. ಇನ್ನೊಂದನ್ನು ಹಿರಿಯರ ಕೈಯಿಂದ ಕೆಂಡದ ಮೇಲೆ ಇಡಿಸಿ. ಎಳೆಗಳು ಸುಟ್ಟುಹೋಗಿ ಬಿಳಿಯ ಪದಾರ್ಥ ಉಳಿಯುತ್ತದೆ, ಮುಟ್ಟಿದರೆ ಪುಡಿ. ಮೊದಲನೆಯದು ಬಾಗುತ್ತದೆ, ತಡೆಯಲಾರದು. ಎರಡನೆಯದು ಬಾಗಲಾರದು, ಒಡೆಯುತ್ತದೆ. ಮೂರನೆಯದಾಗಿ ಒಂದು ಹುರುಪೆಯನ್ನು ಬಿಸಿಲಿಗೆ ಒಣಗಿಸಿ ನೋಡಿ. ಅದು ಸುರುಳಿಗಟ್ಟಿ ಬಿರುಸಾಗುತ್ತದೆ, ಮಡಿಸಿದರೆ ಮುರಿಯುತ್ತದೆ. ನೀರಿನಲ್ಲಿ ನೆನೆದುದು ಮಡಿಸಿದರೂ ಮುರಿಯದು. ಎಳೆಗಳ ನಡುವೆ ನೀರಿದ್ದಾಗಲೇ ಅವು ಒಂದರ ಮೇಲೊಂದು ಜಾರಿ ಪೆಟ್ಟನ್ನು ನುಂಗಬಲ್ಲವು. ಗೆಂಡೆ ಮೀನಿನ ಹುರುಪೆಗಳನ್ನು ಯಂತ್ರದಲ್ಲಿ ಎಳೆದು ಪರೀಕ್ಷಿಸಿದ ವಿಜ್ಞಾನಿಗಳೂ ಇದನ್ನೇ ಕಂಡಿದ್ದಾರೆ: ಒಣಗಿದಾಗ ಬಿಗಿ ಹೆಚ್ಚುತ್ತದೆ, ಸಹನೆ ಕುಗ್ಗುತ್ತದೆ.

ಹೊರಗೆ ಗಡಸು, ಒಳಗೆ ಬಾಗುವ ಪದರ ಎಂಬ ಈ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರವಾದ ಮರದ ಮೈಗೆ ಹುಣಿಸೆಯ ಬೀಜದ ಅಂಟಿನಲ್ಲಿ ಅದ್ದಿದ ಅರಿವೆಯ ತುಂಡುಗಳನ್ನು ಹಚ್ಚಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಬಳಿಯುತ್ತಾರೆ. ಒಳಗೆ ನೂಲಿನ ಎಳೆ, ಹೊರಗೆ ಕಲ್ಲಿನ ಪುಡಿ! ಮೀನಿನ ಹುರುಪೆಯ ಲೆಕ್ಕಾಚಾರವೂ ಇದಕ್ಕಿಂತ ಬಹಳ ಬೇರೆಯಲ್ಲ.

ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಗಂಗಾವತಿ ತಾಲ್ಲೂಕಿನ ಆನೆಗುಂದಿಗೆ ಹೋಗಿ ಹೊಳೆಯಾಚೆ ನೋಡಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಅರಸನ ಕುದುರೆಯಾಳುಗಳ ಉಡುಪನ್ನು ಬಣ್ಣಿಸಿದ್ದಾನೆ. ಮೇಲೆ ನೋಡಿದರೆ ರೇಷ್ಮೆ, ಮಖಮಲ್ಲು. ಆದರೆ ಆ ಅಂಗಿಗಳು ಬಲವಾದ ಹಸಿ ತೊಗಲಿನ ಅನೇಕ ಪದರಗಳಿಂದಾದವು, ಅವುಗಳಿಗೆ ಕಬ್ಬಿಣದ ತಗಡುಗಳನ್ನು ಸೇರಿಸಿ ಬಲಪಡಿಸಲಾಗಿತ್ತು ಎಂದು ಅವನ ವರ್ಣನೆ. ಇಡಿಯ ಮೈಗೆ ಒಂದೇ ಕಬ್ಬಿಣದ ಪೆಟ್ಟಿಗೆಯನ್ನು ತೊಡಿಸಿದರೆ ನಮ್ಮ ಬಿಸಿಲಿನಲ್ಲಿ ಸವಾರನು ಯುದ್ಧಕ್ಕೆ ಮುಂಚೆಯೇ ಬೆಂದುಹೋಗುತ್ತಿದ್ದನು, ಕುದುರೆಯೂ ಕುಸಿಯುತ್ತಿದ್ದಿತು. ತೊಗಲು ಬಾಗಬೇಕು, ತಗಡು ತಡೆಯಬೇಕು. ತುಂಗಭದ್ರೆಯ ದಡದ ಮೇಲೆ ನಡೆದ ಸೈನಿಕನೂ ನೀರೊಳಗೆ ಈಜಿದ ಮೀನೂ ಒಂದೇ ಸೂತ್ರದ ಕವಚ ತೊಟ್ಟಿದ್ದರೆಂದರೆ ತಪ್ಪಾಗದು.

ಈ ಕವಚ ನಿಜವಾಗಿ ಎಷ್ಟು ತಡೆಯುತ್ತದೆ? ಕೆನಡಾ ದೇಶದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಪಟ್ಟೆಯ ಬಾಸ್ ಎಂಬ ಮೀನಿನ ಹುರುಪೆಗಳನ್ನು ಸೂಜಿಯಿಂದ ಚುಚ್ಚಿ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸೂಜಿಯ ಒತ್ತಡ ಹೆಚ್ಚಿದಂತೆ ಹೊರಪದರವು ಶಿಲುಬೆಯಾಕಾರದಲ್ಲಿ ಬಿರುಕುಬಿಟ್ಟು ನಾಲ್ಕು ಎಸಳುಗಳಾಗುತ್ತದೆ. ಆದರೆ ಎಸಳುಗಳು ಉದುರುವುದಿಲ್ಲ. ಕೆಳಗಿನ ಎಳೆಯ ಹಾಸು ಅವನ್ನು ಹಿಡಿದುಕೊಂಡಿರುತ್ತದೆ, ಸೂಜಿಯ ಬಲವನ್ನೂ ಹರಡಿಕೊಳ್ಳುತ್ತದೆ. ರಕ್ಷಣೆಯ ಸಾಮಗ್ರಿಗಳಲ್ಲಿ ಬಳಸುವ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗಿಂತಲೂ ಈ ಹುರುಪೆ ಚುಚ್ಚುವಿಕೆಯನ್ನು ಚೆನ್ನಾಗಿ ತಡೆಯಿತಂತೆ. ಬಿರುಕು ಬಿಡುವುದು ಇಲ್ಲಿ ಸೋಲಲ್ಲ. ಅದೂ ರಕ್ಷಣೆಯ ಒಂದು ಕ್ರಮ. ಸ್ವಲ್ಪ ಒಡೆದುಕೊಂಡು ಪೂರ್ತಿ ಒಡೆಯದಿರುವ ಜಾಣ್ಮೆ ಅದು.

ಇದಕ್ಕಿಂತ ರೋಮಾಂಚಕವಾದ ಕಥೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯದು. ಅಲ್ಲಿ ಅರಪೈಮ ಎಂಬ, ಎರಡು ಮೀಟರಿಗೂ ಮೀರಿ ಬೆಳೆಯುವ ದೈತ್ಯ ಮೀನಿದೆ. ಅದರ ನೆರೆಯಲ್ಲಿಯೇ ಗರಗಸದ ಹಲ್ಲಿನ ಪಿರಾನ ಮೀನುಗಳ ಹಿಂಡುಗಳಿವೆ. ನೀರಿಳಿಯುವ ಕಾಲದಲ್ಲಿ ಇವೆರಡೂ ಒಂದೇ ಮಡುವಿನಲ್ಲಿ ಸಿಕ್ಕಿಕೊಳ್ಳಬೇಕಾಗುತ್ತದೆ. ಬೇಸಗೆಯಲ್ಲಿ ನಮ್ಮ ಹೊಳೆ ಸೊರಗಿ ಮಡುಗಳಾಗಿ ಒಡೆದಾಗ ಮೀನು, ಮೊಸಳೆ, ನೀರುನಾಯಿಗಳು ಒಂದೆಡೆ ಸೇರುವುದಿಲ್ಲವೆ, ಹಾಗೆ. ಅರಪೈಮದ ಹುರುಪೆ ಹತ್ತು ಸೆಂಟಿಮೀಟರ್ ಉದ್ದಕ್ಕೂ ಬೆಳೆಯಬಲ್ಲುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾರ್ಕ್ ಮೆಯರ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಪಿರಾನದ ಹಲ್ಲನ್ನು ಯಂತ್ರಕ್ಕೆ ಕಟ್ಟಿ, ಮೆತ್ತನೆಯ ರಬ್ಬರಿನ ಮೇಲೆ ಇರಿಸಿದ ಅರಪೈಮದ ಹುರುಪೆಗೆ ಒತ್ತಿ ನೋಡಿದರು. ಹಲ್ಲು ಸ್ವಲ್ಪ ದೂರ ಇಳಿಯಿತು. ಆದರೆ ಹುರುಪೆಯನ್ನು ದಾಟುವ ಮೊದಲೇ ಹಲ್ಲಿಗೇ ಬಿರುಕು ಬಂದಿತು. 2013ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯಲ್ಲಿ, ಹುರುಪೆಯನ್ನು ಎಳೆಯುತ್ತಿರುವಾಗಲೇ ಕ್ಷಕಿರಣದಿಂದ ಒಳಗನ್ನು ನೋಡಲಾಯಿತು. ಬಲ ಬಿದ್ದ ದಿಕ್ಕಿಗೆ ಒಳಗಿನ ಎಳೆಗಳು ಮೆಲ್ಲನೆ ಹೊರಳಿ ನಿಲ್ಲುತ್ತಿದ್ದವು. ಸಂಕಟ ಬಂದ ಕಡೆಗೆ ಊರಿನವರೆಲ್ಲ ತಿರುಗಿ ಹೆಗಲು ಕೊಡುವಂತೆ!

ಇಷ್ಟೆಲ್ಲ ಒಂದು ಹುರುಪೆಯ ಮಾತಾಯಿತು. ಕವಚದ ಮರ್ಮವಿರುವುದು ಅವುಗಳ ಜೋಡಣೆಯಲ್ಲಿ. ಪ್ರತಿಯೊಂದು ಹುರುಪೆಯೂ ಚರ್ಮದ ಒಂದು ಪುಟ್ಟ ಜೇಬಿನಲ್ಲಿ ಬೇರೂರಿದೆ. ಅದರ ಬಹುಭಾಗ ಮುಂದಿನವುಗಳ ಅಡಿಯಲ್ಲಿ ಅಡಗಿ, ಹಿಂದಿನ ಅಂಚು ಮಾತ್ರ ಹೊರಗೆ ಕಾಣುತ್ತದೆ. ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಏರಿ ಕುಳಿತಿರುವುದರಿಂದ ಮೈಯ ಯಾವುದೇ ಬಿಂದುವಿನಲ್ಲಿಯೂ ಹಲ್ಲು ಎರಡು ಮೂರು ಹುರುಪೆಗಳನ್ನು ದಾಟಬೇಕಾಗುತ್ತದೆ. ಮೇಲಿನದು ಒತ್ತಡವನ್ನು ಕೆಳಗಿನವುಗಳಿಗೆ ಹಂಚುತ್ತದೆ. ಒಂದೇ ಕಡೆ ಬಿದ್ದ ಪೆಟ್ಟು ಅಗಲವಾಗಿ ಹರಡಿ ಸಪ್ಪೆಯಾಗುತ್ತದೆ. ಅಂಚುಗಳು ಬಾಲದ ಕಡೆಗೆ ಮುಖ ಮಾಡಿರುವುದರಿಂದ ನೀರು ತಡೆಯಿಲ್ಲದೆ ಜಾರುತ್ತದೆ. ಮೀನು ಎಡಕ್ಕೆ ಬಳುಕಿದಾಗ ಬಲ ಮಗ್ಗುಲಿನ ಹುರುಪೆಗಳು ಸ್ವಲ್ಪ ಹರಡಿಕೊಳ್ಳುತ್ತವೆ, ಎಡ ಮಗ್ಗುಲಿನವು ಇನ್ನಷ್ಟು ಒತ್ತಿಕೊಳ್ಳುತ್ತವೆ. ಹೆಚ್ಚು ಬಾಗಿದಷ್ಟೂ ಈ ಒತ್ತು ಹೆಚ್ಚುವುದರಿಂದ ಮೈ ಮಿತಿಮೀರಿ ಬಾಗದಂತೆ ತಡೆಯೂ ಆಗುತ್ತದೆ. ಬಿಲ್ಲನ್ನೆಳೆಯುವುದು ಹೇಗೆಂದು ಕೇಳಿದ ಹಿಂದಿನ ಬೆಂಚಿನ ಹುಡುಗನಿಗೆ ಇದು ಉತ್ತರ.

ಬೆಳೆಯುವುದು ಹೇಗೆಂಬ ಪ್ರಶ್ನೆಗೂ ಉತ್ತರವಿದೆ. ಮೀನು ಕರ್ಣನಂತೆ ಕವಚ ತೊಟ್ಟು ಹುಟ್ಟುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಬರಿಮೈಯದು. ಹುರುಪೆಗಳು ಮೂಡುವುದು ಆಮೇಲೆ. ಒಮ್ಮೆ ಮೂಡಿದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಮೀನು ದೊಡ್ಡದಾದಂತೆ ಪ್ರತಿಯೊಂದು ಹುರುಪೆಯೂ ತನ್ನ ಅಂಚಿನಲ್ಲಿ ಉಂಗುರ ಉಂಗುರವಾಗಿ ಬೆಳೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮರದ ಕೊರಡಿನಲ್ಲಿರುವಂಥ ಬಳೆಗಳು ಕಾಣುತ್ತವೆ. ಆಹಾರ ಸಮೃದ್ಧವಾಗಿದ್ದಾಗ ಬಳೆಗಳು ದೂರದೂರ; ಬರ ಬಂದಾಗ, ಮೊಟ್ಟೆಯಿಡುವ ಶ್ರಮದಲ್ಲಿ ಬಳಲಿದಾಗ ಒತ್ತೊತ್ತು. ಚಳಿಯ ದೇಶಗಳಲ್ಲಿ ಇದರಿಂದ ಮೀನಿನ ವಯಸ್ಸನ್ನು ಸುಲಭವಾಗಿ ಹೇಳುತ್ತಾರೆ. ಚಳಿಗಾಲ ಅಷ್ಟು ಕಠಿಣವಲ್ಲದ ನಮ್ಮಲ್ಲಿ ಓದುವುದಕ್ಕೆ ಹೆಚ್ಚು ಎಚ್ಚರ ಬೇಕು. ಅಂತೂ ಕವಚವೇ ಕವಚಧಾರಿಯ ಜಾತಕವೂ ಆಗಿದೆ. ಪಕ್ಕೆಯ ನಡುವೆ ಹಾಯುವ ಒಂದು ಸಾಲಿನ ಹುರುಪೆಗಳಲ್ಲಿ ಸಣ್ಣ ರಂಧ್ರಗಳೂ ಉಂಟು. ನೀರಿನ ಅಲುಗಾಟವನ್ನು ಮೀನು ಅರಿಯುವುದು ಆ ಸಾಲಿನಿಂದ. ಕೋಟೆಯನ್ನು ಕಟ್ಟಿಕೊಂಡವನು ಕಿಟಕಿಯನ್ನು ಮರೆತಿಲ್ಲ!

ಒಂದು ಹುರುಪೆ ಉದುರಿದರೆ? ಅಕ್ಕಪಕ್ಕದವು ಆ ಜಾಗಕ್ಕೆ ಆಸರೆಯಾಗಿ ನಿಲ್ಲುತ್ತವೆ. ಅದೇ ಜೇಬಿನಲ್ಲಿ ಹೊಸದು ಬೆಳೆಯುತ್ತದೆ. ಹೀಗೆ ಮರುಹುಟ್ಟು ಪಡೆದ ಹುರುಪೆಯ ನಡುವೆ ಹಳೆಯ ಬಳೆಗಳಿರುವುದಿಲ್ಲ. ಜಾತಕದ ಮೊದಲ ಪುಟಗಳು ಖಾಲಿ. ಆದರೆ ಕವಚ ಪೂರ್ಣವಾಗುತ್ತದೆ. ಇಲ್ಲಿ ಕೊಪ್ಪಳ, ಗಂಗಾವತಿಗಳ ಜನ ಮರೆಯಲಾಗದ ಒಂದು ರಾತ್ರಿ ನೆನಪಾಗುತ್ತದೆ. 2024ರ ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹರಿವ ನೀರಿನ ನಡುವೆಯೇ ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸುವವರೆಗೆ, ಸುಮಾರು ಒಂದು ವಾರ, ಎಡದಂಡೆಯ ರೈತರಿಗೆ ನಿದ್ದೆಯಿರಲಿಲ್ಲ. ಆ ವಾರ ಹಗಲಿರುಳು ದುಡಿದವರ ಸಾಹಸ ದೊಡ್ಡದು. ಇಲ್ಲಿ ಯಾರ ಮೇಲೂ ದೂರು ಹೇಳುತ್ತಿಲ್ಲ. ಆದರೆ ಒಂದು ಕೊಂಡಿಯ ಮೇಲೆ ಎಲ್ಲ ಭಾರ ನಿಂತಿದ್ದರೆ ಆ ಕೊಂಡಿ ಕಡಿದ ದಿನ ಏನಾಗುತ್ತದೆಂಬುದನ್ನು ನಾವು ಕಂಡೆವು. ಅದೇ ಅಣೆಕಟ್ಟಿನ ಕೆಳಗೆ ಈಜುವ ಮೀನಿನ ಕವಚದಲ್ಲಿ ಹಾಗೆ ಒಂಟಿಯಾಗಿ ಭಾರ ಹೊತ್ತ ಕೊಂಡಿಯೇ ಇಲ್ಲ.

ಎಲ್ಲ ಮೀನುಗಳೂ ಈ ದಾರಿ ಹಿಡಿಯಲಿಲ್ಲವೆಂಬುದೂ ಗಮನಾರ್ಹ. ನಮ್ಮ ಪೂರ್ವಿಕರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯಲ್ಲಿ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ನೋಡದವರು ಕಡಿಮೆ. ಆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಅಲ್ಲಿ ಮೀನುಗಳನ್ನು ಶಲ್ಕವುಳ್ಳವು, ಬರಿಯ ಚರ್ಮವುಳ್ಳವು ಎಂದು ವಿಂಗಡಿಸಿ, ಗಾಳಕ್ಕೆ ಯಾವುದಕ್ಕೆ ಯಾವ ಆಹಾರವೆಂಬುದನ್ನೂ ಹೇಳಿದೆ. ತುಂಗಭದ್ರೆಯ ಬಾಳೆಮೀನು ಈ ಎರಡನೆಯ ಪಂಗಡದ್ದು. ಅದಕ್ಕೆ ಹುರುಪೆಯಿಲ್ಲ, ನುಣುಪು ಮೈ, ದೊಡ್ಡ ಬಾಯಿ, ತೀಕ್ಷ್ಣವಾದ ಹಲ್ಲು. ಚೇಳುಮೀನು ಕವಚದ ಬದಲಾಗಿ ರೆಕ್ಕೆಯ ಬುಡದಲ್ಲಿ ವಿಷದ ಮುಳ್ಳನ್ನು ಇಟ್ಟುಕೊಂಡಿದೆ. ಒಬ್ಬನು ಗುರಾಣಿ ಹಿಡಿದರೆ ಇನ್ನೊಬ್ಬನು ಕಠಾರಿ ಹಿಡಿದ.

ಹಾಗಾದರೆ ಹುರುಪೆ ನಿಜವಾಗಿಯೂ ಪ್ರಾಣ ಉಳಿಸುತ್ತದೆಂಬುದಕ್ಕೆ ಸಾಕ್ಷಿಯೇನು? ಯಂತ್ರದ ಪರೀಕ್ಷೆಗಿಂತ ದೊಡ್ಡ ಸಾಕ್ಷಿಯನ್ನು ಮಡಗಾಸ್ಕರ್ ದ್ವೀಪ ಒದಗಿಸಿದೆ. ಯುರೋಪಿನ ಸಾಕಣೆಗಾರರು ಗೆಂಡೆ ಮೀನಿನಲ್ಲಿ ಹುರುಪೆ ಬಹಳ ಕಡಿಮೆಯಿರುವ ಒಂದು ತಳಿಯನ್ನು ಆರಿಸಿ ಬೆಳೆಸಿದ್ದರು. ಅಡುಗೆಗೆ ಸಿದ್ಧಪಡಿಸುವಾಗ ಹೆರೆಯುವ ಕಷ್ಟವಿಲ್ಲವಲ್ಲ! ಕನ್ನಡಿ ಗೆಂಡೆಯೆಂದು ಕರೆಯಬಹುದಾದ ಆ ಮೀನನ್ನು 1912ರಲ್ಲಿ ಫ್ರಾನ್ಸಿನಿಂದ ಮಡಗಾಸ್ಕರಿಗೆ ಒಯ್ದರು. ಕೆಲವು ಸಾಕಣೆಯ ಕೊಳದಿಂದ ಹೊಳೆ ಕೆರೆಗಳಿಗೆ ಸೇರಿ ಕಾಡುಮೀನುಗಳಾದವು. ಸುಮಾರು ನಲವತ್ತು ತಲೆಮಾರುಗಳು ಕಳೆಯುವಷ್ಟರಲ್ಲಿ ಅಲ್ಲಿ ಮೈತುಂಬ ಹುರುಪೆಯುಳ್ಳ ಗೆಂಡೆಗಳು ಕಾಣಿಸಿಕೊಂಡವು. ಹುರುಪೆಯನ್ನು ಅಳಿಸಿದ ಹಳೆಯ ವಂಶದೋಷ ಅವುಗಳಲ್ಲಿ ಹಾಗೆಯೇ ಉಳಿದಿತ್ತೆಂದೂ, ಬೇರೆ ಗುಣಾಂಶಗಳು ಕೂಡಿ ಆ ಕೊರತೆಯನ್ನು ತುಂಬಿದವೆಂದೂ ಸಂಶೋಧಕರು ಕಂಡುಕೊಂಡರು. ಕೊಳದ ಕಾವಲಿನಲ್ಲಿ ಬೇಡವಾಗಿದ್ದ ಕವಚ ಹೊಳೆಯಲ್ಲಿ ಬೇಕಾಯಿತು. ಬರಿಮೈಯವು ಅಳಿದವು, ಕವಚದವು ಉಳಿದವು. ಮನುಷ್ಯನು ತನ್ನ ಅನುಕೂಲಕ್ಕಾಗಿ ಕಿತ್ತುಕೊಂಡುದನ್ನು ಪ್ರಕೃತಿ ಮರಳಿ ತೊಡಿಸಿತು.

ಅತಿಯಾದ ಕವಚವೂ ಒಳ್ಳೆಯದಲ್ಲವೆಂಬುದಕ್ಕೆ ಪುರಾತನ ಶಿಲೆಗಳೇ ಸಾಕ್ಷಿ. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದಿನ ಸಮುದ್ರಗಳಲ್ಲಿ ತಲೆ ಎದೆಗಳಿಗೆ ದಪ್ಪ ಎಲುಬಿನ ಫಲಕಗಳನ್ನು ತೊಟ್ಟ ಮೀನುಗಳಿದ್ದವು. ಆ ವಂಶ ಪೂರ್ತಿ ಅಳಿದುಹೋಯಿತು. ಅನಂತರ ಬಂದ ಮೀನುಗಳಲ್ಲಿ ಕಾಲ ಕಳೆದಂತೆ ಕವಚ ತೆಳುವಾಗುತ್ತ, ಹಗುರಾಗುತ್ತ ಬಂದಿತು, ವೇಗ ಹೆಚ್ಚಿತು. ಇಂದಿನ ಗೆಂಡೆಯ ತೆಳು ಹುರುಪೆ ಆ ದೀರ್ಘ ಚೌಕಾಸಿಯ ಫಲ.

ಈ ಕವಚಕ್ಕೂ ಮಿತಿಯಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ಸರಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಆ ನೀರುನಾಯಿಗಳು ದಿನವೂ ಮೀನನ್ನು ಹಿಡಿದು ತಿಂದೇ ಬದುಕುತ್ತಿವೆ. ಹುರುಪೆ ಅಮರತ್ವದ ವರವಲ್ಲ. ಹಲ್ಲು ಜಾರುವಷ್ಟು, ತಪ್ಪಿಸಿಕೊಂಡು ಬಂಡೆಯ ಸಂದಿಯನ್ನು ಸೇರುವಷ್ಟು ಒಂದು ಕ್ಷಣವನ್ನು ಅದು ಮೀನಿಗೆ ಗಳಿಸಿಕೊಡುತ್ತದೆ. ಬೇಟೆಯಾಡುವವನಿಗೂ ಬೇಟೆಗೂ ನಡುವಿನ ಆ ಒಂದು ಕ್ಷಣದ ಮೇಲೆಯೇ ಹೊಳೆಯ ಸಂಸಾರ ನಿಂತಿದೆ. ಮೀನು ಉಳಿದರೆ ನೀರುನಾಯಿಯೂ ಉಳಿಯುತ್ತದೆ.

ಆದರೆ ಹಲ್ಲಿಲ್ಲದ ಶತ್ರುವಿನ ಎದುರು ಈ ಕವಚ ನಿರುಪಾಯ. ಹುರುಪೆಗಳ ಮೇಲೆ ಕೈಗೆ ಜಾರುವ ಲೋಳೆಯ ಒಂದು ತೆಳು ಹೊದಿಕೆಯಿದೆ. ಅಸಹ್ಯವೆಂದು ನಾವು ತೊಳೆಯುವ ಆ ಲೋಳೆಯೇ ರೋಗಾಣುಗಳನ್ನು ಹೊರಗಿಡುವ ಮೊದಲ ಕಾವಲು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು. ಹುರುಪೆ ಕಿತ್ತು ಚರ್ಮ ಗಾಯವಾದರೆ ನೀರು ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ಹತ್ತಿಯಂಥ ಬಿಳಿಯ ಬೂಷ್ಟು ಬಂದು ಕೂರುತ್ತದೆ. ಮೀನು ಸಾಕುವವರು ಗಾಯಗೊಂಡ ಮೀನನ್ನು ಹದವಾದ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಡುವುದು ಇದಕ್ಕಾಗಿಯೇ. ಹೊಳೆಯ ಮೀನಿಗೆ ಆ ಉಪಚಾರ ಮಾಡುವವರಾರು? ಒಣಗಿದ ಅಂಗೈ, ಒರಟಾದ ಗೋಣಿಯ ತಟ್ಟು, ಕಾದ ಮರಳು ಇವುಗಳಲ್ಲಿ ಯಾವುದೂ ಮೀನನ್ನು ಕಚ್ಚುವುದಿಲ್ಲ. ಆದರೆ ಪಿರಾನದ ಹಲ್ಲಿಗೆ ಸೋಲದ ವಿದ್ಯೆಯನ್ನು ಇವು ನಿಮಿಷದಲ್ಲಿ ಸೋಲಿಸುತ್ತವೆ. ಊರ ಕೊಳೆಯನ್ನೂ ಗದ್ದೆಯ ವಿಷವನ್ನೂ ನಾವು ನೀರಿಗೆ ಬಿಟ್ಟರೆ ಅವು ಕಿವಿರುಗಳ ಮೂಲಕ ಒಳಗೆ ಸೇರುತ್ತವೆ. ಅಲ್ಲಿ ಹುರುಪೆಯೇ ಇಲ್ಲ.

ಬಲೆಯ ಕಣ್ಣಿನ ಪ್ರಶ್ನೆಯೂ ಇದಕ್ಕೆ ಸೇರಿದೆ. ಸಣ್ಣ ಕಣ್ಣಿನ ಬಲೆಯನ್ನು ದಡಕ್ಕೆಳೆದಾಗ ದೊಡ್ಡ ಮೀನಿನೊಡನೆ, ಹುರುಪೆ ಇನ್ನೂ ಎಳಸಾಗಿರುವ, ಒಮ್ಮೆಯೂ ಮೊಟ್ಟೆಯಿಡದ ಮರಿಗಳೂ ರಾಶಿಯಾಗಿ ಬರುತ್ತವೆ. ಅವನ್ನು ಮಾರಿದರೆ ಬರುವ ಹಣ ಅಲ್ಪ. ಬಿಟ್ಟರೆ ಮುಂದಿನ ವರ್ಷಗಳಲ್ಲಿ ಅದೇ ಮೀನುಗಾರನ ಮನೆಗೆ ಬರುವ ಆದಾಯ ಹಲವು ಪಟ್ಟು. ಹೊಟ್ಟೆಯ ತುರ್ತಿನಲ್ಲಿರುವವನಿಗೆ ಈ ಲೆಕ್ಕ ಹೇಳುವುದು ಸುಲಭವಲ್ಲ, ನಿಜ. ಆದರೆ ಮಾರುಕಟ್ಟೆಯಲ್ಲಿ ಕೊಳ್ಳುವವರು ನಾವು. ಬೆರಳುದ್ದದ ಮೀನುಮರಿಗಳನ್ನು ಕೊಳ್ಳದಿರುವುದು ನಮ್ಮ ಕೈಯಲ್ಲಿದೆ.

ಮುಂದಿನ ಬೇಸಗೆಯ ರಜೆಯಲ್ಲಿ ಮಕ್ಕಳು ಕೆರೆಯಂಚಿನಲ್ಲಿ ಗಾಳ ಹಿಡಿದು ಕುಳಿತಾಗ ಅವರಿಗೆ ಇಷ್ಟು ಹೇಳಿ. ಮರಿ ಸಿಕ್ಕಿದರೆ ನೀರಿಗೇ ಬಿಡಬೇಕು. ಬಿಡುವ ಮೊದಲು ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿ ಒದ್ದೆ ಮಾಡಿಕೊಳ್ಳಬೇಕು. ಮೀನನ್ನು ನೆಲದ ಮೇಲೆ ಹೊರಳಾಡಲು ಬಿಡಬಾರದು, ಬಿಗಿಯಾಗಿ ಹಿಸುಕಲೂ ಬಾರದು. ಒದ್ದೆ ಅಂಗೈಗೆ ಲೋಳೆ ಅಷ್ಟಾಗಿ ಅಂಟುವುದಿಲ್ಲ, ಹುರುಪೆ ಕಳಚುವುದಿಲ್ಲ. ಬೆಳ್ಳಿಯ ಅಂಗಿ ಹರಿಯದೆ ಮೀನು ನೀರಿಗೆ ಜಾರಿದರೆ ಸಾಕು. ಉಳಿದ ಕೆಲಸವನ್ನು ಆ ಅಂಗಿಯೇ ನೋಡಿಕೊಳ್ಳುತ್ತದೆ.